ತಲೆಕೆಳಗಾಗಿ ನಿಂತ ಸೀಸೆ

ಬೆಳಗಿನ ಆರು ಗಂಟೆ. ಅಜ್ಜೀಪುರದ ಹೊಲಗಳು ಮುಗಿದು ಕಾಡು ಶುರುವಾಗುವಲ್ಲಿ ತೆಳು ಬಿಳಿ ಪರದೆಯೊಂದನ್ನು ಗುಡಾರದಂತೆ ಕಟ್ಟಿದ್ದಾರೆ. ಅದಕ್ಕೆ ಬಡಿದ ಹುಳ ಮೇಲೆ ಹತ್ತಿ, ತುದಿಯಲ್ಲಿರುವ ಸ್ಪಿರಿಟ್ ಬಾಟಲಿಗೆ ಬೀಳುತ್ತದೆ. ಶಿವನಂಜಮ್ಮ ಸೆರಗು ಸಿಕ್ಕಿಸಿಕೊಂಡು ಮೊದಲು ಆನೆಲದ್ದಿ ನೋಡುತ್ತಾರೆ, ಆಮೇಲೆ ಬಾಟಲಿಗೆ ಕೈ ಹಾಕುತ್ತಾರೆ. "ಆನೆ ಓಗಿ ಅರ್ಧ ಗಂಟೆ ಆಗದೆ, ಬನ್ನಿ ಸಾ." ಅರ್ಧ ಗಂಟೆ ಸಾಕೇ ಎಂಬ ಅನುಮಾನ ಜೊತೆಗೆ ಹೋದವರಿಗೆ ಮಾತ್ರ.

ಹನೂರಿನ ಬಾಡಿಗೆ ಮನೆಯಲ್ಲಿ ಕೀಟ ಅಧ್ಯಯನ ಕೇಂದ್ರ ಶುರುವಾಗಿ ಹದಿನಾಲ್ಕು ವರ್ಷ. ಏಳನೇ ತರಗತಿ ಓದಿದ ಶಿವನಂಜಮ್ಮ ಆಗಲೇ ಅಲ್ಲಿಗೆ ಸೇರಿದ್ದು, ಅಡುಗೆಗೆ. ಈಗ ದಿನಕ್ಕೆ ಎರಡು ಬಾಟಲಿ, ಹೆಚ್ಚುಕಡಿಮೆ ಆರುನೂರು ಹುಳ ಅವರ ಕೈಯಲ್ಲಿ ಬೇರೆ ಬೇರೆಯಾಗುತ್ತವೆ. ಸ್ಪಿರಿಟ್ಟಿಗೆ ಬೆರಳ ತುದಿ ಬಿರಿದಿದೆ, ಮಧ್ಯಾಹ್ನಕ್ಕೆ ಕಣ್ಣು ಉರಿಯುತ್ತದೆ. "ಹುಳ ಎಣಿಸೋ ನಂಜಮ್ಮ" ಎಂದು ಊರವರು ಆಡಿಕೊಳ್ಳುತ್ತಾರೆ. ಆಡಿಕೊಂಡವರೇ ಗಂಡು ಹೆಣ್ಣು ನೋಡುವಾಗ ಅವರ ಜಗಲಿಗೆ ಬಂದು ಕೂರುತ್ತಾರೆ. ಯಾರು ಯಾರಿಗೆ ದಾಯಾದಿ, ಯಾರಿಗೆ ಯಾರನ್ನು ತರಬಹುದು ಎಂಬುದೆಲ್ಲ ಆಕೆಗೆ ಬಾಯಿಪಾಠ.

ಆ ಬುದ್ಧಿಯೇ ಇಲ್ಲೂ ಕೈಹಿಡಿದಿದೆ. ಮೊದಲ ತಿಂಗಳು ರೆಕ್ಕೆಯ ಗೆದ್ದಲನ್ನೂ ರೆಕ್ಕೆಯ ಇರುವೆಯನ್ನೂ ಒಂದೇ ಸೀಸೆಗೆ ಹಾಕಿದ್ದರು. ಲೆನ್ಸ್ ಕೆಳಗಿಟ್ಟು ನೋಡಿದಾಗ ನಾಚಿಕೆಯಾಯಿತಂತೆ. "ಮಕ ನೋಡಿ ನೆಂಟಸ್ತನ ಏಳ್ಬಾರ್ದು ಸಾ. ಗೆದ್ದಲಿಗೆ ಸೊಂಟ ದಪ್ಪ, ನಾಕು ರೆಕ್ಕೇನೂ ಒಂದೇ ಉದ್ದ. ಇರುವೆಗೆ ಸೊಂಟ ಸಣ್ಣ, ಮುಂದಿನ ರೆಕ್ಕೆ ಉದ್ದ. ಗೆದ್ದಲು ಜಿರಳೆ ವಂಶದ್ದು, ಇರುವೆ ಕಣಜದ್ ಉಳದ ವಂಶದ್ದು. ಒಂದೇ ಬೀದೀಲಿ ಓಡಾಡ್ದೇಟ್ಗೆ ಅಣ್ತಮ್ಮ ಆಗ್ಬುಡ್ತಾರಾ?"

ಸೀಸೆಗೆ ಚೀಟಿ ಬರೆಯುವುದು ಸಂಶೋಧಕ ಪ್ರಭುಸ್ವಾಮಿ. ಚೀಟಿ ತಪ್ಪೆನಿಸಿದರೆ ಶಿವನಂಜಮ್ಮ ಬಾಯಿಬಿಡುವುದಿಲ್ಲ, ಸೀಸೆಯನ್ನು ತಲೆಕೆಳಗಾಗಿ ನಿಲ್ಲಿಸುತ್ತಾರೆ. "ಓದ್ದೋರ್ಗೆ ಎದ್ರು ಮಾತಾಡಕಾಯ್ತದಾ?" ಎನ್ನುತ್ತಾರೆ. ಮಾತಾಡದೆಯೇ ಎದುರಾಡುವ ಕಲೆ ಅವರಿಗೆ ಚೆನ್ನಾಗಿ ಒಲಿದಿದೆ.

ಕಳೆದ ಮಂಗಳವಾರ ನಲವತ್ತು ಸೀಸೆಗಳ ಪೆಟ್ಟಿಗೆ ಮೈಸೂರಿನ ಕಾಲೇಜೊಂದರ ಸಂಗ್ರಹಾಲಯಕ್ಕೆ ಹೊರಟು ನಿಂತಿತ್ತು. ಅಲ್ಲಿಗೆ ಸೇರಿದ ಚೀಟಿಯನ್ನು ಮುಂದೆ ಯಾರೂ ತಿದ್ದುವುದಿಲ್ಲ, ಹುಡುಗರು ಅದನ್ನೇ ನೋಡಿ ಕಲಿಯುತ್ತಾರೆ. ಒಂದು ಸೀಸೆಯಲ್ಲಿ ಕೆಂಪು ಎದೆಯ, ಕಪ್ಪು ಹೊಟ್ಟೆಯ ಮೇಲೆ ಬಿಳಿ ಚುಕ್ಕೆಯ, ರೆಕ್ಕೆಯಿಲ್ಲದ ಹುಳ. ಚೀಟಿಯಲ್ಲಿ 'ಇರುವೆ'. ಶಿವನಂಜಮ್ಮ ಅದನ್ನು ತಲೆಕೆಳಗು ಮಾಡಿದರು. ಆತುರದಲ್ಲಿದ್ದ ಪ್ರಭುಸ್ವಾಮಿ ನೆಟ್ಟಗೆ ನಿಲ್ಲಿಸಿದರು. ಅವರು ಅತ್ತ ತಿರುಗಿದ್ದೇ ತಡ, ಮತ್ತೆ ತಲೆಕೆಳಗು. ಹೊರಗೆ ಪೆಟ್ಟಿಗೆ ಒಯ್ಯಲು ಬಂದ ಜೀಪಿನ ಹಾರನ್.

"ಅಮ್ಮಾ, ಬಾಯಿಬಿಟ್ಟು ಹೇಳಿ."

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಶಿವನಂಜಮ್ಮ ಹೇಳಿದರು. "ಸೊಂಟದಲ್ಲಿ ಗಂಟಿಲ್ಲ ಸಾ. ಇರುವೆ ಅಂದ್ಮೇಲೆ ಗಂಟಿರ್ಬೇಕು, ಮೀಸೆ ಮೊಣಕೈ ಅಂಗೆ ಮಡಿಸ್ಕಂಡಿರ್ಬೇಕು. ಇದು ಕಣಜದ್ ಉಳ, ರೆಕ್ಕೆ ಇಲ್ದಿರೋ ಎಣ್ಣು. ಜೀಪು ಕಾಯ್ಲಿ, ನೋಡ್ಬುಡಿ."

ಜೀಪು ಕಾಯಿತು. ಪ್ರಭುಸ್ವಾಮಿ ಲೆನ್ಸ್ ಮೇಲೆ ಬಾಗಿ ಬಹಳ ಹೊತ್ತು ನೋಡಿದರು. ಗಂಟಿರಲಿಲ್ಲ. ಚೀಟಿ ಹರಿದು ಹೊಸದು ಬರೆದರು. ಆಕೆ ಅಡುಗೆಮನೆಗೆ ಹೋಗಿ ಅನ್ನಕ್ಕೆ ನೀರಿಟ್ಟರು. ಕೆಲಸ ಹೋಗುತ್ತದೇನೋ ಎಂಬ ಅಳುಕು ಅಂದು ಇಡೀ ದಿನ ಕಾಡಿತು.

ಮರುದಿನ ಶಿವನಂಜಮ್ಮನವರ ಮೇಜಿನ ಮೇಲೆ ಸೀಸೆಯೊಂದು ತಲೆಕೆಳಗಾಗಿ ನಿಂತಿತ್ತು. ನಿಲ್ಲಿಸಿದ್ದು ಆಕೆಯಲ್ಲ.

"ನನಗೇ ಅನುಮಾನ ಅಮ್ಮ," ಬಾಗಿಲಲ್ಲಿ ನಿಂತು ಪ್ರಭುಸ್ವಾಮಿ ಹೇಳಿದರು. "ನೀವೊಂದು ಸಲ ನೋಡಿ."

ಶಿವನಂಜಮ್ಮ ಕನ್ನಡಕ ಸೆರಗಿಗೆ ಒರೆಸಿಕೊಂಡರು. ರೆಕ್ಕೆ ನೋಡಿದರು, ಮೀಸೆ ನೋಡಿದರು, ಸೊಂಟ ನೋಡಿದರು. ಆಮೇಲೆ ಸೀಸೆಯನ್ನು ನೆಟ್ಟಗೆ ನಿಲ್ಲಿಸಿ ಅವರತ್ತ ಸರಿಸಿದರು.

"ಈ ಸಲ ಸರ್ಯಾಗೇ ಬರ್ದಿದ್ದೀರಿ ಸಾ."