ರೋಸಿನ ಹಾಡಿನ ಉಳಿದರ್ಧ

ಮೊನ್ನೆ ಉಡುಪಿಯ ಮನೆಯಲ್ಲಿ ತೆಂಗಿನ ಹಾಲಿನ ಪುಡಿಯ ಪ್ಯಾಕೆಟ್ ಕತ್ತರಿಸಿದೆ. ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಸೌದಿಯ ಅಲ್ ಖಫ್ಜಿಯ ಕ್ಯಾಂಪು, ಪಕ್ಕದ ರೂಮಿನ ಪೊರ್ಬುಗಳು... ಎಲ್ಲ ಕಣ್ಣಮುಂದೆ ಬಂತು.

ಪೊರ್ಬುಗಳು ಎಂದರೆ ನಮ್ಮ ಕಡೆ ಕ್ರೈಸ್ತ ಹಿರಿಯರೊಬ್ಬರನ್ನು ಗೌರವದಿಂದ ಕರೆಯುವ ರೀತಿ. ಇವರದು ವಾರವಿಡೀ ವೆಲ್ಡಿಂಗ್, ಶುಕ್ರವಾರ ಗಿಟಾರು. ಹರೆಯದಲ್ಲಿ ಮಂಗಳೂರಿನ ಮದುವೆಗಳಲ್ಲಿ ಕುದುರೆ, ಹುಲ್ಲುಗಾವಲುಗಳ ಅಮೆರಿಕದ ಕಂಟ್ರಿ ಹಾಡು ಹಾಡಿ ಹೆಸರು ಮಾಡಿದವರು. ಆಮೇಲೆ ಅದೇ ಧಾಟಿಯಲ್ಲಿ ಕೊಂಕಣಿ ಹಾಡು ಕಟ್ಟಿ ಒಂದು ಕ್ಯಾಸೆಟ್ಟನ್ನೂ ತಂದರು. ಅದು ಅಂಗಡಿ ಸೇರುವ ಹೊತ್ತಿಗೆ ಜನ ಸಿಡಿ ಕೊಳ್ಳತೊಡಗಿದ್ದರು! ಗಲ್ಫಿಗೆ ಬಂದರೂ ಹಾಡು ಬಿಡಲಿಲ್ಲ. ಕುದುರೆ, ಹುಲ್ಲುಗಾವಲಿನ ಜಾಗದಲ್ಲಿ ನೀರಿನ ಟ್ಯಾಂಕರು, ಧೂಳುಗಾಳಿ ಬಂದವು, ಅಷ್ಟೇ. ಬಾಗಿಲು ಮುಚ್ಚಿ ಸಣ್ಣ ಧ್ವನಿಯಲ್ಲಿ ಹಾಡುತ್ತಿದ್ದರು.

ಊರಲ್ಲಿ ಪರಿಚಯದ ಯಾವ ಹುಡುಗಿಯ ಮದುವೆಯಾದರೂ ರೋಸಿಗೆ, ಅಂದರೆ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರಕ್ಕೆ, ಹೊಸ ಹಾಡು ಕಟ್ಟಿ ಫೋನಿನಲ್ಲೇ ಹಾಡುತ್ತಿದ್ದರು. ಅದನ್ನು ಮತ್ತೆಂದೂ ಹಾಡುತ್ತಿರಲಿಲ್ಲ. ಆ ಹುಡುಗಿಯ ಹಾಡು ಆ ದಿನಕ್ಕೇ ಮುಗಿಯಬೇಕು, ಅದು ಅವರ ಹಟ.

ಕೊನೆಗೆ ಸ್ವಂತ ಮಗಳ ಮದುವೆ ಬಂತು. ಕಫೀಲ್, ಅಂದರೆ ಕೆಲಸಕ್ಕಿಟ್ಟ ಅರಬಿ ಧಣಿ, ಇಕಾಮಾ ಎಂಬ ವಾಸದ ಪರವಾನಗಿಯನ್ನು ನವೀಕರಿಸಿರಲಿಲ್ಲ, ದೇಶ ಬಿಟ್ಟು ಊರಿಗೆ ಹೋಗಲು ಬೇಕಾದ ಎಕ್ಸಿಟ್ ವೀಸಾ ಆಗಲಿಲ್ಲ. ನಾನು ಕಫೀಲನನ್ನು ಬಾಯಿಗೆ ಬಂದಂತೆ ಬೈದೆ. ಅವರು ಮಾತ್ರ, "ಹಾಡು ಹೋಗ್ತದಲ್ಲ, ಅದಕ್ಕೆಂತ ವೀಸಾ?" ಎಂದು ನಕ್ಕರು.

ರೋಸಿನ ಸಂಜೆ ನಾವು ಪುಡಿ ಕದಡಿ ಹಾಲು ಮಾಡಿಟ್ಟೆವು. ಹಚ್ಚುವುದು ಯಾರಿಗೆ? ಕ್ಯಾಂಪಿನಲ್ಲಿ ಅಡುಗೆ ಮಾಡುತ್ತಿದ್ದ, ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿ ಕಾಕ, "ಮಗಳು ಇಲ್ಲದಿದ್ರೆ ಎಂತ, ಅಪ್ಪನಿಗೇ ಹೊಯ್ಯುವ ಮಾರಾಯ್ರೆ!" ಎಂದು ಪೊರ್ಬುಗಳ ತಲೆಗೇ ಸುರಿದುಬಿಟ್ಟರು. ಯಾವ ಶಾಸ್ತ್ರದಲ್ಲೂ ಇಲ್ಲದ್ದು ಅದು. ಹಾಲಿಳಿಯುವ ಮುಖದಲ್ಲೇ ಅವರು ಫೋನಿಗೆ ಹಾಡತೊಡಗಿದರು. ಅರ್ಧದಲ್ಲಿ ಲೈನು ಕಡಿಯಿತು. ಎಷ್ಟು ಸಲ ಫೋನ್ ಮಾಡಿದರೂ ಸಿಗಲಿಲ್ಲ.

"ನಾಳೆ ಹಾಡಿ ಪೊರ್ಬುಗಳೇ," ಎಂದೆ.

"ನಾಳೆ ಅವಳು ಬೇರೆ ಮನೆಯವಳು," ಎಂದರು. ಕಣ್ಣು ಮುಚ್ಚಿ ಉಳಿದರ್ಧವನ್ನು ನಮಗೇ ಹಾಡಿ ಮುಗಿಸಿದರು. ಕಾಕ ಗೋಡೆಯ ಕಡೆ ತಿರುಗಿ ನಿಂತಿದ್ದರು.

ಅವರೀಗ ಇಲ್ಲ. ಆ ವಾಸನೆ ಎಬ್ಬಿಸಿದ ನೆನಪು ತಡೆಯಲಾಗದೆ ಮೊನ್ನೆ ಆ ಮಗಳಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಅಪ್ಪನ ಸುದ್ದಿ ಮಾತಾಡಿ ಅವಳು ಕೇಳಿದಳು: "ಅಂಕಲ್, ಆ ಹಾಡಿನ ಉಳಿದದ್ದು ನಿಮಗೆ ನೆನಪುಂಟಾ? ಎಷ್ಟು ಕೇಳಿದ್ರೂ ಪಪ್ಪ ಹಾಡ್ಲೇ ಇಲ್ಲ."

ಕೊಂಕಣಿ ನನಗೆ ಅಷ್ಟಕ್ಕಷ್ಟೇ. ಪದಗಳು ಅವರೊಂದಿಗೇ ಹೋದವು... ರಾಗ ಮಾತ್ರ ಇತ್ತು. ಒಡಕು ಗಂಟಲಲ್ಲಿ ಅದನ್ನೇ ಕೊನೆಯವರೆಗೂ ಗುನುಗಿದೆ. ಈ ಸಲ ಲೈನು ಕಡಿಯಲಿಲ್ಲ.