ಎಲ್ಲರ ಪರವಾಗಿ ಚೋಂದಮ್ಮ

ಗಂಡ ಹವಾಲ್ದಾರ್ ಬೋಪಯ್ಯ ತೀರಿಕೊಂಡ ಮೇಲೂ ಚೋಂದಮ್ಮ ಕೊಡಗಿಗೆ ಹಿಂತಿರುಗಲಿಲ್ಲ. ದೇಶದ ರಾಜಧಾನಿಯಲ್ಲೇ ಉಳಿದು, ಅಲ್ಲಿನ ಲಕ್ಷ್ಮೀ ನಗರದಲ್ಲಿ, ಕೋಚಿಂಗಿಗೆ ಬಂದ ಹುಡುಗರೇ ತುಂಬಿದ್ದ ಕಟ್ಟಡದ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದು, ಓಖ್ಲಾದ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಹೊಲಿಗೆ ಕೆಲಸಕ್ಕೆ ಸೇರಿಕೊಂಡಳು. ಮಕ್ಕಳಿರಲಿಲ್ಲ. ಮಧ್ಯಾಹ್ನ ಮಶೀನುಗಳು ನಿಂತಾಗ ಡಬ್ಬಿ ಬಿಚ್ಚಿ ಕೂರುವ ಹೆಂಗಸರ ಗುಂಪೇ ಅವಳ ಸಂಸಾರವಾಗಿತ್ತು.

2003ರಲ್ಲಿ ಮಾಲೀಕ ಹೇಳದೆ ಕೇಳದೆ ಕಾರ್ಖಾನೆಗೆ ಬೀಗ ಹಾಕಿದ. ಕೆಲಸಗಾರರೆಲ್ಲ ಸೇರಿ ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ಎಲ್ಲರ ಪರವಾಗಿ ನಿಲ್ಲಲು ಚೋಂದಮ್ಮನನ್ನು ಆರಿಸಿದರು. ಅವಳಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು, ಪುರುಸೊತ್ತೂ ಇತ್ತು. ವಕೀಲರು ಅನಂತರಾಮ, ಮೈಸೂರು ಕಡೆಯವರು.

ವರ್ಷಗಟ್ಟಲೆ ಎಳೆದಾಡಿದ ಮೇಲೆ ಮಾಲೀಕ ರಾಜಿಗೆ ಬಂದ. ಪರಿಹಾರ ಮಶೀನಿನವರಿಗೆ ಮಾತ್ರ ಎಂದ. ಹೊಲಿದು ಮುಗಿದ ಬಟ್ಟೆಯ ದಾರ ಕತ್ತರಿಸುತ್ತಿದ್ದ ಹೆಂಗಸರು ಗುತ್ತಿಗೆದಾರನ ಕಡೆಯವರು, ತನಗೆ ಸಂಬಂಧವಿಲ್ಲ ಎಂದ. ದಾವೆಯಲ್ಲಿ ಅವರೂ ಇದ್ದರು. ಇದು ಸರಿಯಲ್ಲ ಎಂದು ಚೋಂದಮ್ಮ ಹಟ ಹಿಡಿದಳು. ಆದರೆ ಮಶೀನಿನ ಜೊತೆಯವರು ಸುತ್ತುವರಿದು ಬೇಡಿಕೊಂಡರು. ಹಣವಿಲ್ಲದೆ ಒಬ್ಬಳ ಮಗಳ ಮದುವೆ ನಿಂತುಹೋಗಿತ್ತು. ಕೊನೆಗೆ ಸಹಿ ಹಾಕಿದಳು.

ರಾಜಿಯನ್ನು ನ್ಯಾಯಾಲಯ ಒಪ್ಪಬೇಕಿತ್ತು. ಆ ದಿನ ನ್ಯಾಯಾಧೀಶರು ಅದನ್ನು ಓದಿ, ಅವಳನ್ನು ಮುಂದಕ್ಕೆ ಕರೆದು ಹಿಂದಿಯಲ್ಲಿ ಕೇಳಿದರು: "ಎಲ್ಲರ ಪರವಾಗಿ ಸಹಿ ಮಾಡಿದ್ದೀರಿ. ಇದರಲ್ಲಿ ಎಲ್ಲರಿಗೂ ನ್ಯಾಯ ಸಿಕ್ಕಿದೆಯೇ?"

ಚೋಂದಮ್ಮ ವಕೀಲರತ್ತ ತಿರುಗಿದಳು.

"ಹೌದು ಅಂತ ಹೇಳಿಬಿಡಿ ಅಮ್ಮ," ಎಂದು ಅನಂತರಾಮರು ಕನ್ನಡದಲ್ಲಿ ಪಿಸುಗುಟ್ಟಿದರು. "ಇಲ್ಲದಿದ್ರೆ ಕೇಸು ಮತ್ತೆ ಹಾಗೇ ಬಿದ್ದಿರುತ್ತೆ."

"ಇಲ್ಲ ಸಾಹೇಬರೇ," ಎಂದು ಚೋಂದಮ್ಮ ನ್ಯಾಯಾಧೀಶರಿಗೆ ಹೇಳಿದಳು. "ದಾರ ಕತ್ತರಿಸೋರನ್ನ ಬಿಟ್ಟಿದ್ದೇವೆ. ನಾನೂ ಬಿಟ್ಟೆ."

ನ್ಯಾಯಾಧೀಶರು ರಾಜಿಗೆ ಒಪ್ಪಿಗೆ ಕೊಡಲಿಲ್ಲ.

ಹೊರಗೆ ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಕ್ಕದ ಮಶೀನಿನಲ್ಲಿ ಕೂರುತ್ತಿದ್ದ ಇಂದಿರಾ ಮಾತ್ರ, "ನಿನಗೇನು ದೀದಿ, ನಿನಗೆ ಹಿಂದೆ ಮುಂದೆ ಯಾರಿದ್ದಾರೆ?" ಎಂದು ಕೇಳಿ ಬಸ್ಸು ಹತ್ತಿದಳು.

ಆ ಚಳಿಗಾಲದಲ್ಲಿ ಚೋಂದಮ್ಮನ ಕೋಣೆಗೆ ಯಾರೂ ಬರಲಿಲ್ಲ. ಅಕ್ಕಪಕ್ಕದವರ ರವಿಕೆ ಹೊಲಿದುಕೊಂಡು ದಿನ ದೂಡಿದಳು. ಕೆಲವು ದಿನ ತರಕಾರಿ ಭಯ್ಯಾನ ಜೊತೆ ಆಡಿದ್ದಷ್ಟೇ ಮಾತು. ವಾಯಿದೆ ಬಂದಾಗಲೆಲ್ಲ ಕೋರ್ಟಿಗೆ ಹೋಗಿ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಹೆಂಗಸರು ಇನ್ನೊಂದು ಬೆಂಚಿನಲ್ಲಿ ಒತ್ತಿಕೊಂಡು ಕೂರುತ್ತಿದ್ದರು.

ಮರುವರ್ಷ ಮಾಲೀಕ ಮಣಿದ. ಹೊಸ ರಾಜಿಯಲ್ಲಿ ದಾರ ಕತ್ತರಿಸುವವರೂ ಸೇರಿದ್ದರು. ನ್ಯಾಯಾಧೀಶರು ಅದೇ ಪ್ರಶ್ನೆ ಕೇಳಿದರು. ಚೋಂದಮ್ಮ ಹೌದೆಂದಳು. ರಾಜಿಗೆ ಮುದ್ರೆ ಬಿತ್ತು.

ಕೋರ್ಟಿನ ಅಂಗಳದಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಇಂದಿರಾ ಒಮ್ಮೆ ಚೋಂದಮ್ಮನತ್ತ ನೋಡಿ, ಸೆರಗು ಸರಿಮಾಡಿಕೊಂಡು ಆಚೆ ತಿರುಗಿದಳು. ಬೇರೆ ಷೆಡ್ಡಿನಲ್ಲಿ ದಾರ ಕತ್ತರಿಸುತ್ತಿದ್ದು, ಕೆಲಸ ಹೋದ ಮೇಲೆ ಬಿಹಾರಕ್ಕೆ ಮರಳಿದ್ದ ಹೆಂಗಸೊಬ್ಬಳು ಪರಿಹಾರಕ್ಕೆಂದೇ ರೈಲು ಹತ್ತಿ ಬಂದು ಹೊರಗೇ ಕಾದಿದ್ದಳು. ಒಂಟಿಯಾಗಿ ನಿಂತಿದ್ದ ಚೋಂದಮ್ಮನನ್ನು ಕಂಡು, "ನೀವೂ ಅಲ್ಲೇ ಇದ್ದಿರಾ? ಯಾವ ಕೆಲಸ?" ಎಂದು ವಿಚಾರಿಸಿದಳು.

"ಹೊಲಿಗೆ," ಎಂದಳು ಚೋಂದಮ್ಮ.

"ಅಚ್ಛಾ," ಎಂದು ನಕ್ಕು ಅವಳು ತನ್ನವರ ಕಡೆ ಹೋದಳು. ಚೋಂದಮ್ಮ ಗೇಟಿನ ಕಡೆ ನಡೆದಳು.