ಅರಿಶಿನ ಹತ್ತಿದ ಯಹೂದಿ ಪುಸ್ತಕ

ನನ್ನ ಮೊಮ್ಮಗಳನ್ನು ಉಳಿಸಿದ್ದು ಆ ಪುಸ್ತಕವಲ್ಲ. ಡಾಕ್ಟರು, ಮತ್ತೆ ಮಗಳು ಸರಿಯಾಗಿ ಉಂಡು ನಿದ್ದೆ ಮಾಡಿದ್ದು. ನಿದ್ದೆ ಬರಿಸಿದ್ದು ಮಾತ್ರ ಪುಸ್ತಕ. ಅಷ್ಟನ್ನು ಒಪ್ಪುತ್ತೇನೆ, ಅದಕ್ಕಿಂತ ಹೆಚ್ಚು ಯಾರು ಹೇಳಿದರೂ ಕೇಳುವುದಿಲ್ಲ.

ತೊಂಬತ್ತರ ದಶಕದಲ್ಲಿ ಮಗಳ ಹೆರಿಗೆಗೆಂದು ಉಡುಪಿ ಕಡೆಯಿಂದ ಸಿಂಗಾಪುರಕ್ಕೆ ಹೋಗಿದ್ದೆ. ಅದಕ್ಕೆ ಮೊದಲು ಎರಡು ಬಸಿರು ಏಳನೇ ತಿಂಗಳಿನಲ್ಲಿ ಹೋಗಿದ್ದವು. ಈ ಸಲ ಏಳು ಹಿಡಿದ ದಿನದಿಂದ ಅವಳು ತಟ್ಟೆಯಲ್ಲಿ ಅನ್ನ ಕಲಸುತ್ತಿದ್ದಳೇ ಹೊರತು ಬಾಯಿಗೆ ಇಡುತ್ತಿರಲಿಲ್ಲ. ಮಲಗಿದರೆ ಹೊಟ್ಟೆಯ ಮೇಲೆ ಕೈಯಿಟ್ಟು, ಮಗು ಒದೆಯುವುದನ್ನೇ ಕಾಯುವುದು.

ಪಕ್ಕದ ಮನೆಯಲ್ಲಿ ಒಬ್ಬ ಯಹೂದಿ ಮುದುಕಿ ಇದ್ದಳು. ಅವಳ ಹಿರಿಯರು ಬಾಗ್ದಾದಿನಿಂದ ಕಲ್ಕತ್ತೆಗೆ, ಅಲ್ಲಿಂದ ಸಿಂಗಾಪುರಕ್ಕೆ ಬಂದವರು. ತಾಯಿ ಕಲಿಸಿದ ಹಿಂದೂಸ್ತಾನಿ ಅವಳಿಗೆ ಬರುತ್ತಿತ್ತು; ಗಂಡ ಮುಂಬೈಯ ಹೋಟೆಲಿನಲ್ಲಿದ್ದಾಗ ಕಲಿತ ಹಿಂದಿ ನನಗೆ. ಎರಡೂ ಹರಕು. ಜಗಳಕ್ಕೆ ಸಾಕಾಗುತ್ತಿತ್ತು.

ಒಂದು ದಿನ ಅವಳು ಅಂಗೈ ಅಗಲದ, ತೊಗಲಿನ ರಟ್ಟಿನ ಪುಸ್ತಕ ತಂದು ಮಗಳ ದಿಂಬಿನ ಪಕ್ಕ ಇಟ್ಟಳು. ಒಳಗೆಲ್ಲ ದೇವದೂತರ ಹೆಸರುಗಳಂತೆ. ಮನೆಯಲ್ಲಿದ್ದರೆ ಬೆಂಕಿ ಬೀಳುವುದಿಲ್ಲವಂತೆ, ಬಸುರಿಗೆ ಕೆಟ್ಟದ್ದು ತಾಗುವುದಿಲ್ಲವಂತೆ.

"ಇದನ್ನು ಓದಬೇಕಾ?" ಎಂದು ಕೇಳಿದೆ.

"ನಾನೇ ಓದಿಲ್ಲ. ಸುಮ್ಮನೆ ಇರಲಿ, ತೆರೆಯಬೇಡ."

ಅಂದಿನಿಂದ ಮಗಳಿಗೆ ನಿದ್ದೆ ಬಂತು. ಊಟವೂ ಸೇರಿತು.

ಅಷ್ಟರಲ್ಲಿ ನವರಾತ್ರಿ. ನಮ್ಮಲ್ಲಿ ಶಾರದಾ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿವರೆಗೆ ತೆರೆಯುವಂತಿಲ್ಲ. ತೆರೆಯಬಾರದ ಪುಸ್ತಕವೆಂದರೆ ಪೂಜೆಯ ಪುಸ್ತಕ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನ ತಲೆಗೆ ಹೊಳೆದದ್ದು ಇಷ್ಟೇ. ಪೂಜೆಗೆ ಜೋಡಿಸಿದ್ದ ಅಳಿಯನ ಪುಸ್ತಕಗಳ ಮೇಲೆ ಅದನ್ನೂ ಇಟ್ಟು, ಒದ್ದೆ ಬೆರಳಿನಲ್ಲಿ ಅರಿಶಿನ ಕುಂಕುಮ ಹಚ್ಚಿ ಹೂ ಏರಿಸಿದೆ.

ಮಗಳು ನೋಡಿ ಕಿರುಚಿದಳು. "ಅಮ್ಮಾ! ಏನ್ ಮಾಡ್ಬಿಟ್ಟೆ? ಅವರು ಇದೆಲ್ಲಾ ಮಾಡಲ್ಲ. ಫುಲ್ ಸ್ಪಾಯಿಲ್ ಆಯ್ತು! ಇನ್ನು ಇದು ಕೆಲಸ ಮಾಡಲ್ಲ."

"ಕೆಲಸ ಮಾಡ್ಲಿಕ್ಕೆ ಅದೆಂತ ಮಿಕ್ಸಿಯಾ, ಮಾರಾಯ್ತಿ?"

ಅವಳು ನಗಲಿಲ್ಲ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಒರೆಸಿ ನೋಡಿದೆ, ಕುಂಕುಮ ಹೋಯಿತು, ಅರಿಶಿನ ತೊಗಲಿಗೆ ಹಿಡಿದಿತ್ತು. ಏನಾದರೂ ಸುಳ್ಳು ಹೇಳೋಣವೆಂದೂ ಯೋಚಿಸಿದೆ. ಕೊನೆಗೆ ಪುಸ್ತಕ ಹಿಡಿದುಕೊಂಡು ಹೋಗಿ ಪಕ್ಕದ ಬಾಗಿಲು ತಟ್ಟಿದೆ.

ಮುದುಕಿ ಚೆನ್ನಾಗಿ ಉಗಿದಳು. "ದಿಂಬಿನ ಪಕ್ಕ ಇಡು ಅಂತ ಕೊಟ್ಟರೆ ಒಗ್ಗರಣೆ ಹಾಕಿ ತಂದಿದ್ದೀಯಲ್ಲ, ಬೆಹನ್!"

ತಲೆ ತಗ್ಗಿಸಿ ನಿಂತೆ. ನನಗೆ ಅಭ್ಯಾಸವಿಲ್ಲದ ಕೆಲಸ ಅದು. "ಎಷ್ಟು ಬೇಕಾದರೂ ಬೈಯಿ. ಆದರೆ ಅಲ್ಲಿ ಮಗಳು ಮತ್ತೆ ಊಟ ಬಿಟ್ಟಿದ್ದಾಳೆ," ಎಂದೆ.

ಅವಳು ಬೈಗುಳ ಅರ್ಧಕ್ಕೇ ನಿಲ್ಲಿಸಿ ಚಪ್ಪಲಿ ಮೆಟ್ಟಿದಳು. ನಮ್ಮ ಮನೆಗೆ ಬಂದವಳು ಪುಸ್ತಕದ ಹಿಂದಿನ ರಟ್ಟನ್ನು ಮಗಳ ಮೂಗಿನ ಹತ್ತಿರ ಹಿಡಿದಳು. ದೊಡ್ಡದೊಂದು ಕಂದು ಕಲೆ.

"ನಾನು ಹೊಟ್ಟೆಯಲ್ಲಿದ್ದಾಗ ನನ್ನ ತಾಯಿ ಚೆಲ್ಲಿದ ಚಹಾ ಇದು. ನಾನು ಹುಟ್ಟಲಿಲ್ಲವಾ? ಎಂಬತ್ತಾಯಿತು, ಇನ್ನೂ ಸಾಯಲಿಲ್ಲ. ನಿನ್ನ ಅಮ್ಮನ ಅರಿಶಿನಕ್ಕೆ ಹೆದರಿ ಓಡುವ ದೇವದೂತರು ನಮ್ಮಲ್ಲಿಲ್ಲ. ಅವಳ ಬಾಯಿಗೆ ಹೆದರಿ ಓಡಿದರೆ ಮಾತ್ರ ನಾನು ಜವಾಬ್ದಾರಳಲ್ಲ."

ಬೈಗುಳದ ಬಿಸಿಯಲ್ಲಿ ಮುದುಕಿ ಹಿಂದೂಸ್ತಾನಿಯಲ್ಲೇ ಅಂದಿದ್ದಳು; ಅದು ಬಾರದ ಮಗಳಿಗೆ ನಾನೇ ಕನ್ನಡದಲ್ಲಿ ಹೇಳಬೇಕಾಯಿತು. ಕೊನೆಯ ಮಾತನ್ನು ನುಂಗೋಣವೆಂದಿದ್ದೆ, ಹೇಳಿಬಿಟ್ಟೆ. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಏಳು ಹಿಡಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆಮೇಲೆ, ಸಾರು ಇದೆಯಾ ಎಂದು ಕೇಳಿದಳು.

ಹೆರಿಗೆಗೆ ಮೊದಲೇ ಮಗುವಿನ ಬಟ್ಟೆ ಸಿದ್ಧಮಾಡಬಾರದು ಎನ್ನುತ್ತಾರೆ. ಎನ್ನಲಿ. ಮರುದಿನ ಬೆಳಿಗ್ಗೆ ಕಾಫಿ ಕುಡಿದವಳೇ ನನ್ನ ಎರಡು ಹಳೆಯ ನೂಲಿನ ಸೀರೆ ಹರಿದು ಮಗುವಿಗೆ ಲಂಗೋಟಿ ಮಾಡಿದೆ. ಒಗೆದು, ಅಲ್ಲಿನವರ ಹಾಗೆ ಬಿದಿರಿನ ಕೋಲಿಗೆ ಏರಿಸಿ, ಅಡುಗೆಮನೆಯ ಕಿಟಕಿಯಿಂದಾಚೆ ಬಿಸಿಲಿಗೆ ಚಾಚಿದೆ.